ಹಿನ್ನೆಲೆ ಹೆಜ್ಜೆ

ಮದುವೆಯಾಗಿ ಸನ್ನಿವೇಲ್‌ಗೆ ಹೋದ ಹೊಸದರಲ್ಲಿ ಅಮೆರಿಕ ಸರ್ಕಾರ ನನಗೊಂದು ಹುದ್ದೆ ಕೊಟ್ಟಿತ್ತು. ಅವಲಂಬಿತ ಹೆಂಡತಿ ಎಂಬುದು ಆ ಹುದ್ದೆಯ ಹೆಸರು. ಪಾಸ್‌ಪೋರ್ಟಿನಲ್ಲಿ ಮೊಹರು ಒತ್ತಿಯೇ ಕೊಟ್ಟಿದ್ದರು. ಈ ಹುದ್ದೆಯಲ್ಲಿರುವವರು ಕೆಲಸ ಮಾಡುವಂತಿಲ್ಲ, ಸಂಬಳ ಪಡೆಯುವಂತಿಲ್ಲ, ಗಂಡನ ನೌಕರಿ ಹೋದರೆ ಅವನ ಹಿಂದೆಯೇ ಗಂಟುಮೂಟೆ ಕಟ್ಟಬೇಕು. ಮೈಸೂರಿನಲ್ಲಿ ಕಾಲೇಜು ಹುಡುಗರಿಗೆ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದವಳಿಗೆ ಇದು ದೊಡ್ಡ ಬಡ್ತಿ ಎಂದು ನಮ್ಮ ನೆಂಟರೆಲ್ಲ ತೀರ್ಮಾನಿಸಿದ್ದರು.

ಗಂಡ ಮೌಂಟನ್ ವ್ಯೂನ ಒಂದು ಡಾಟ್‌ಕಾಮ್ ಕಂಪನಿಯಲ್ಲಿದ್ದರು. ಆ ಕಂಪನಿ ಇಂಟರ್‌ನೆಟ್ಟಿನಲ್ಲಿ ಕೊಡೆ ಮಾರುತ್ತಿತ್ತು. ಬೇಸಿಗೆ ಶುರುವಾದರೆ ದೀಪಾವಳಿಯ ಹತ್ತಿರದವರೆಗೂ ಒಂದು ಹನಿ ಬೀಳದ ಊರಿನಲ್ಲಿ ಕೂತು ಕೊಡೆ ಮಾರುವುದು ಹೇಗೆ ಎಂದು ನಾನು ಒಮ್ಮೆ ಕೇಳಿದ್ದೆ. "ಕೊಡೆ ಮುಖ್ಯ ಅಲ್ಲ ಕಣೆ, ಪ್ಲಾಟ್‌ಫಾರ್ಮು ಮುಖ್ಯ," ಎಂದರು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ. ಆಫೀಸಿನಲ್ಲಿ ಪಿಂಗ್‌ಪಾಂಗ್ ಟೇಬಲ್ಲು, ಬಿಟ್ಟಿ ಪಿಜ್ಜಾ, ಮಲಗಲು ಬೀನ್ ಬ್ಯಾಗು ಎಲ್ಲವೂ ಇದ್ದವು. ಇಲ್ಲದೆ ಇದ್ದದ್ದು ಗಿರಾಕಿಗಳು ಮಾತ್ರ. ಅದನ್ನು ಯಾರೂ ಕೊರತೆ ಎಂದು ಭಾವಿಸಿದ ಹಾಗೆ ಕಾಣಲಿಲ್ಲ, ಪ್ರತಿ ವಾರವೂ ಏನಾದರೊಂದಕ್ಕೆ ಪಾರ್ಟಿ ಇರುತ್ತಿತ್ತು.

ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸನ್ನಿವೇಲ್‌ನಲ್ಲಿ ಹೆಂಗಸೊಬ್ಬಳು ಫುಟ್‌ಪಾತಿನಲ್ಲಿ ನಡೆದು ಹೋಗುತ್ತಿದ್ದರೆ ಕಾರುಗಳು ನಿಧಾನವಾಗುತ್ತವೆ. ಪಾಪ, ಇವಳಿಗೆ ಏನು ಕಷ್ಟ ಬಂತೋ ಎಂದು ಒಳಗಿನಿಂದ ನೋಡುತ್ತಾರೆ. ಹಾಗೆ ಊರಿನವರ ಅನುಕಂಪ ಸಂಪಾದಿಸುತ್ತ ನಾನು ನಡೆದು ಹೋಗುತ್ತಿದ್ದದ್ದು ಲೈಬ್ರರಿಗೆ. ಅಲ್ಲಿ ವಿಡಿಯೊ ಟೇಪು ಬಿಟ್ಟಿಯಾಗಿ ಕೊಡುತ್ತಿದ್ದರು. ಹೊಸ ಸಿನಿಮಾ ಒಂದೂ ಶೆಲ್ಫಿನಲ್ಲಿ ನಿಲ್ಲುತ್ತಿರಲಿಲ್ಲ. ಮೂಲೆಯಲ್ಲಿ ಹಳೆಯ ಹಾಲಿವುಡ್ ಮ್ಯೂಸಿಕಲ್‌ಗಳು ಮಾತ್ರ, ಹೆಚ್ಚಿನವು ಕಪ್ಪು ಬಿಳುಪಿನವು, ಧೂಳು ಹಿಡಿದು ಕೂತಿದ್ದವು. ಕೆಲಸವಿಲ್ಲದವಳಿಗೆ ಆಯ್ಕೆ ಎಲ್ಲಿಂದ ಬರಬೇಕು ಎಂದುಕೊಂಡು ಅದನ್ನೇ ಕೈಚೀಲದ ತುಂಬ ತಂದೆ.

ಅವುಗಳಲ್ಲಿ ಬಹುಪಾಲಿಗೆ ಒಬ್ಬನೇ ನಾಯಕ. ಟ್ಯಾಪ್ ಡ್ಯಾನ್ಸಿನಲ್ಲಿ ಜಗತ್ತೇ ತಲೆಯ ಮೇಲೆ ಹೊತ್ತುಕೊಂಡ ಮನುಷ್ಯ, ಹೆಸರು ಹೇಳಬೇಕಾಗಿಯೇ ಇಲ್ಲ. ಅಟ್ಟೆಗೆ ಲೋಹದ ತಗಡು ಬಡಿದ ಶೂ ಹಾಕಿಕೊಂಡು ನೆಲವನ್ನೇ ವಾದ್ಯ ಮಾಡಿಕೊಂಡು ಕುಣಿಯುತ್ತಾನೆ. ಬೆಳಗಿನ ಹೊತ್ತೇ ಬಾಲವಿರುವ ಕರಿ ಕೋಟು ಹಾಕಿಕೊಂಡು ತಿರುಗುತ್ತಾನೆ. ಏನು ಉದ್ಯೋಗವೋ ಯಾರಿಗೂ ಗೊತ್ತಿಲ್ಲ, ಬಾಡಿಗೆ ಯಾರು ಕಟ್ಟುತ್ತಾರೋ ಅದೂ ಗೊತ್ತಿಲ್ಲ. ಇದ್ದರೆ ದೊಡ್ಡ ಹೋಟೆಲಿನಲ್ಲೇ ಇರಬೇಕು, ಅದರ ನೆಲ ಕನ್ನಡಿಯ ಹಾಗಿರಬೇಕು, ಒರೆಸುವವರು ಮಾತ್ರ ಕಣ್ಣಿಗೆ ಬೀಳಬಾರದು. ನಾಯಕಿಗೆ ಅರ್ಧ ಸಿನಿಮಾದವರೆಗೆ ಅವನನ್ನು ಕಂಡರೆ ಮೈಯೆಲ್ಲ ಉರಿ. ಆಮೇಲೆ ಎಲ್ಲಿಂದಲೋ ಸಂಗೀತ ಬರುತ್ತದೆ, ಅವಳು ಬೇಡ ಬೇಡ ಎನ್ನುತ್ತಲೇ ಒಂದು ಹೆಜ್ಜೆ ಹಾಕುತ್ತಾಳೆ, ಮುಗಿಯಿತು, ಮದುವೆಯೇ. ನಮ್ಮ ಮನೆಯಲ್ಲಿ ಜಗಳವಾದಾಗ ಸಂಗೀತ ಬರುತ್ತಿರಲಿಲ್ಲ, ಗಂಡನ ಪೇಜರು ಹೊಡೆದುಕೊಳ್ಳುತ್ತಿತ್ತು.

ಇಷ್ಟೆಲ್ಲ ಮೂಗು ಮುರಿದರೂ ನಾನು ಆ ಟೇಪುಗಳನ್ನು ಹಿಂದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಮೈಸೂರಿನಲ್ಲಿ ಚಿಕ್ಕಂದಿನಿಂದ ಭರತನಾಟ್ಯ ಕಲಿತವಳು ನಾನು. ನಮ್ಮಲ್ಲಿ ಕಾಲು ತಪ್ಪಿದರೆ ಗೆಜ್ಜೆಯ ಸದ್ದು ಅರ್ಧ ಮುಚ್ಚಿಹಾಕುತ್ತದೆ, ಉಳಿದರ್ಧವನ್ನು ಮೃದಂಗದವನು ಮುಚ್ಚುತ್ತಾನೆ. ಈ ಮನುಷ್ಯನ ಕಾಲಿಗೆ ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ಹೆಜ್ಜೆ ಬಿದ್ದ ಕಡೆಯೇ ಸದ್ದು, ಸದ್ದು ಬಂದ ಕಡೆಯೇ ಹೆಜ್ಜೆ. ನೋಡುತ್ತಿದ್ದರೆ ಆ ಅಪಾರ್ಟ್‌ಮೆಂಟು, ಆ ಬೂದು ಕಾರ್ಪೆಟ್ಟು, ನನ್ನ ಹುದ್ದೆ ಎಲ್ಲ ಮರೆತುಹೋಗುತ್ತಿತ್ತು. ನನಗೆ ತುಂಬ ಸಂತೋಷವಾಗುತ್ತಿತ್ತು, ಅದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬಾರದು.

ಹೀಗಿರುವಾಗ ಸಮುದಾಯ ಭವನದಲ್ಲಿ ಟ್ಯಾಪ್ ಡ್ಯಾನ್ಸು ಹೇಳಿಕೊಡುತ್ತಾರೆ ಎಂದು ಲೈಬ್ರರಿಯ ಬಾಗಿಲಿಗೆ ಅಂಟಿಸಿದ್ದು ನೋಡಿದೆ. ಹಗಲು ಹೊತ್ತಿನ ಕ್ಲಾಸು. ಆ ಊರಿನಲ್ಲಿ ಹಗಲು ಹೊತ್ತು ಬಿಡುವಾಗಿರುವವರು ಎರಡೇ ಜಾತಿ, ನಿವೃತ್ತರಾದವರು ಮತ್ತು ನನ್ನಂಥ ಅವಲಂಬಿತರು. ನಾನು ಹೋಗಿ ನೋಡಿದರೆ ಹಾಲಿನ ತುಂಬ ನಮ್ಮಜ್ಜಿಯ ವಯಸ್ಸಿನ ಬಿಳಿ ಹೆಂಗಸರು, ತುಟಿಗೆ ಕೆಂಪು ಬಣ್ಣ, ಕೂದಲಿಗೆ ನೀಲಿ ಬಣ್ಣ. ಜನ ಕಡಿಮೆಯಾದರೆ ಕ್ಲಾಸು ನಿಲ್ಲಿಸುತ್ತಾರೆ ಎಂಬ ಭಯಕ್ಕೆ ನನ್ನನ್ನು ತಕ್ಷಣ ಸೇರಿಸಿಕೊಂಡರು. ಆ ಗುಂಪಿನಲ್ಲಿ ನಾನು ಬಾಲಕಲಾವಿದೆ.

ಅವರಲ್ಲಿ ಒಬ್ಬರು ಎಲ್ಲರಿಗಿಂತ ಸಣ್ಣ ಆಳು, ಕಡ್ಡಿಯಂಥ ಕಾಲು, ನಾಲಿಗೆ ಮಾತ್ರ ಹರಿತ. ಹೆಸರು ಹಿಡಿದು ಕರೆಯಬೇಕೆಂದು ಅವರ ಅಪ್ಪಣೆ. ಅಷ್ಟು ವಯಸ್ಸಾದವರ ಹೆಸರು ಹಿಡಿಯಲು ನನಗೆ ಬಾಯಿ ಬರುತ್ತಿರಲಿಲ್ಲ, ಆಂಟಿ ಎಂದರೆ ಅವರಿಗೆ ಕೋಪ ಬರುತ್ತಿತ್ತು. ಕೊನೆಗೆ ಏನೂ ಕರೆಯದೆ, ಎದುರು ಹೋಗಿ ನಿಂತು ಮಾತು ಶುರುಮಾಡುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅಜ್ಜಿ ಎನ್ನುತ್ತಿದ್ದೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಮೊದಲ ದಿನವೇ ನನ್ನ ಕಾಲು ನೋಡಿ, ನೆಲದ ಮೇಲೆ ನಿನಗೇನು ಸಿಟ್ಟು, ಅಷ್ಟು ಜೋರಾಗಿ ಯಾಕೆ ಒದೆಯುತ್ತೀ ಎಂದು ಕೇಳಿದರು. ಮೈಸೂರಿನಲ್ಲಿ ಅದಕ್ಕೇ ಬಹುಮಾನ ಕೊಟ್ಟಿದ್ದರು ಎಂದೆ. ಅಂದಿನಿಂದ ನಾವು ಸ್ನೇಹಿತರು.

ಅವರ ಮನೆ ಮೌಂಟನ್ ವ್ಯೂನಲ್ಲಿ, ಹಿಂದೆ ಏಪ್ರಿಕಾಟ್ ತೋಟವಿದ್ದ ಜಾಗದಲ್ಲಿ ಕಟ್ಟಿದ ಹಳೆಯ ಮರದ ಮನೆ. ಗಂಡ ತೀರಿಕೊಂಡಿದ್ದರು, ಒಬ್ಬರೇ ಇದ್ದರು. ಒಂದು ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟಿಗೆ ಕಾಫಿಗೆಂದು ಬಂದರು. ಟಿವಿಯಲ್ಲಿ ನನ್ನ ಲೈಬ್ರರಿ ಸಿನಿಮಾ ಓಡುತ್ತಿತ್ತು. ನಾಯಕ ಕುಣಿದು ನಿಂತ, ನಾಯಕಿ ಅವನಿಗೆ ಉತ್ತರವಾಗಿ ಒಬ್ಬಳೇ ಹೆಜ್ಜೆ ಹಾಕತೊಡಗಿದಳು. ಅಜ್ಜಿ ಕಾಫಿ ಲೋಟ ಕೆಳಗಿಟ್ಟು, ಇದು ನಾನು ಎಂದರು. ನಾನು ಹಿಂದಿನ ಸಾಲಿನಲ್ಲಿ ಗರಿ ಕಟ್ಟಿಕೊಂಡು ನಿಂತಿದ್ದ ಹುಡುಗಿಯರ ಮುಖವನ್ನೆಲ್ಲ ಹುಡುಕತೊಡಗಿದೆ.

"ಅಲ್ಲೆಲ್ಲಿ ನೋಡ್ತೀಯ? ಕಣ್ಣು ಮುಚ್ಚಿ ಕೇಳು," ಎಂದರು. "ಕಾಲು ಅವಳದು. ಸದ್ದು ನನ್ನದು."

ಆಮೇಲೆ ಅವರು ಬಿಡಿಸಿ ಹೇಳಿದರು. ಶೂಟಿಂಗಿನಲ್ಲಿ ಹೆಜ್ಜೆಯ ಸದ್ದು ಸರಿಯಾಗಿ ಸಿಗುವುದಿಲ್ಲವಂತೆ. ಚಿತ್ರ ತೆಗೆದಾದ ಮೇಲೆ ಒಂದು ಕೋಣೆಯಲ್ಲಿ ಮರದ ಹಲಗೆ ಹಾಕಿ, ಪರದೆಯ ಮೇಲೆ ಕಾಲು ನೋಡುತ್ತ ನೋಡುತ್ತ ಇನ್ನೊಮ್ಮೆ ಕುಣಿದು ಸದ್ದು ಹಿಡಿಯುತ್ತಿದ್ದರಂತೆ. ನಾಯಕ ತನ್ನದನ್ನು ತಾನೇ ಮಾಡಿಕೊಳ್ಳುತ್ತಿದ್ದ. ನಾಯಕಿಯರಿಗೆ ಬಿಡುವೂ ಇರಲಿಲ್ಲ, ಕೆಲವರಿಗೆ ತಾಳವೂ ಇರಲಿಲ್ಲ. ಅವರ ಬದಲು ಪ್ಯಾಂಟು ತೊಟ್ಟು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಯಾರಿಗೂ ಕಾಣದ ಕೋಣೆಯಲ್ಲಿ ಈ ಅಜ್ಜಿಯಂಥ ಹುಡುಗಿಯರು ಕುಣಿದರು. ತೆರೆಯ ಮೇಲೆ ಅವರ ಹೆಸರು ಹಾಕುವ ಪದ್ಧತಿ ಇರಲಿಲ್ಲ.

ಇದನ್ನು ನಂಬಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ನಾಯಕಿ ಬಾಯಿ ಆಡಿಸುವುದು, ಇನ್ನಾರೋ ಹಾಡುವುದು, ಇದನ್ನು ಹುಟ್ಟಿದಾಗಿನಿಂದ ನೋಡಿಕೊಂಡು ಬೆಳೆದವರು ನಾವು. ಹಿನ್ನೆಲೆ ಗಾಯನ ಇರಬಹುದಾದರೆ ಹಿನ್ನೆಲೆ ಹೆಜ್ಜೆ ಯಾಕೆ ಇರಬಾರದು? ನಮ್ಮಲ್ಲಾದರೆ ಅಂಥವರಿಗೆ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಅವರಿಗೇ ಬೇಸರವಾಗುವಷ್ಟು ಸನ್ಮಾನ ಮಾಡುತ್ತಿದ್ದರು ಎಂದೆ. ಇದನ್ನು ಕೇಳಿ ನಗದೆ ಇದ್ದವಳು ನೀನೇ ಮೊದಲು ಎಂದು ಅಜ್ಜಿ ಹೇಳಿದರು.

ನಕ್ಕವರಲ್ಲಿ ಮುಖ್ಯನಾದವನು ಅವರ ಒಬ್ಬನೇ ಮಗ. ಆತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಯಾವುದೋ ಡಾಟ್‌ಕಾಮಿನ ವೈಸ್ ಪ್ರೆಸಿಡೆಂಟು. ಕಂಪನಿ ಏನು ಮಾಡುತ್ತದೆ ಎಂದು ನಾನು ಕೇಳಿದಾಗ ಬಹಳ ಹೊತ್ತು ವಿವರಿಸಿದ, ಕೊನೆಯಲ್ಲಿ ಇಬ್ಬರಿಗೂ ಗೊತ್ತಾಗಲಿಲ್ಲ. ಆತ ಒಳ್ಳೆಯವನೇ. ವಾರಕ್ಕೊಮ್ಮೆ ಬಂದು ಅಮ್ಮನ ಫ್ರಿಜ್ಜು ತುಂಬಿಸಿ, ಔಷಧದ ಡಬ್ಬಿ ನೋಡಿ, ಕೆನ್ನೆಗೆ ಮುತ್ತು ಕೊಟ್ಟು ಹೋಗುತ್ತಿದ್ದ. ಅಷ್ಟು ಪ್ರೀತಿ ಇದ್ದ ಮೇಲೆ ಕಿವಿಯೂ ಇರಬೇಕೆಂದು ಎಲ್ಲಿ ಬರೆದಿದೆ. ಅಮ್ಮ ಸಿನಿಮಾದ ಮಾತು ಎತ್ತಿದ ಕೂಡಲೇ ಅವನ ಮುಖದಲ್ಲಿ ರೋಗಿಯನ್ನು ಸಂತೈಸುವ ಆಸ್ಪತ್ರೆಯ ನಗು ಬರುತ್ತಿತ್ತು.

ಒಂದು ದಿನ ನನ್ನನ್ನು ಬಾಗಿಲ ಹೊರಗೆ ಕರೆದು, ದನಿ ತಗ್ಗಿಸಿ, ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿದೆ ಅನಿಸುತ್ತದೆ ಎಂದ. ನಡೆಯದೆ ಇದ್ದದ್ದನ್ನು ನಡೆದಿದೆ ಎನ್ನುತ್ತಾರೆ, ಅಪ್ಪ ಇರುವಾಗ ಇದನ್ನು ಇಷ್ಟು ಹೇಳುತ್ತಿರಲಿಲ್ಲ ಎಂದ. ನಾನು ಹಿನ್ನೆಲೆ ಗಾಯನದ ಉದಾಹರಣೆ ಸಮೇತ ವಾದ ಮಾಡಿದೆ. ಅವನು ತಾಳ್ಮೆಯಿಂದ ಕೇಳಿ, ತಾನು ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದೇನೆ, ಅಮ್ಮನ ಹೆಸರು ಎಲ್ಲೂ ಇಲ್ಲ ಎಂದ. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣ ಇರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಇಲ್ಲದವರು ಹುಟ್ಟಿಯೇ ಇರಲಿಲ್ಲ. ಹಿರಿಯರನ್ನು ನೋಡಿಕೊಳ್ಳುವ ಒಂದು ಚಂದದ ಜಾಗ ನೋಡಿದ್ದಾನಂತೆ. ಅಲ್ಲಿ ಮರೆವು ಬಂದವರಿಗೆ ಬೇರೆಯೇ ಒಂದು ಭಾಗವಿದೆ, ಹೊರಗಡೆ ಹೋಗಿ ಕಳೆದುಹೋಗದ ಹಾಗೆ ಬಾಗಿಲಿಗೆ ಬೀಗ ಇರುತ್ತದೆ, ಊಟ ಬಹಳ ಚೆನ್ನಾಗಿದೆ ಎಂದ.

ಅಜ್ಜಿಗೆ ಇದೆಲ್ಲ ಗೊತ್ತಿತ್ತು. ಮನೆ ಬಿಡಬೇಕಾದರೆ ಬಿಡೋಣ, ಆದರೆ ಸುಳ್ಳಿ ಎನ್ನಿಸಿಕೊಂಡು ಬಿಡುವುದಿಲ್ಲ ಎಂದರು. ಅವರದೊಂದು ಯೋಜನೆ ಇತ್ತು. ನಮ್ಮ ಕ್ಲಾಸಿನ ವಾರ್ಷಿಕ ಪ್ರದರ್ಶನದಲ್ಲಿ ಅವರು ಆ ನಾಯಕಿಯ ಹೆಜ್ಜೆಗಳನ್ನೇ, ನನ್ನ ಟಿವಿಯಲ್ಲಿ ಬಂದ ಆ ತುಂಡನ್ನೇ, ಒಬ್ಬರೇ ಕುಣಿಯುವುದು. ಮಗ ಆ ಸಿನಿಮಾವನ್ನು ಚಿಕ್ಕಂದಿನಲ್ಲಿ ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದವನು. ಅಮ್ಮನ ಕಾಲಿನಿಂದ ಆ ಸದ್ದು ಬಂದರೆ ಅವನಿಗೆ ಗೊತ್ತಾಗದೆ ಇರುವುದಿಲ್ಲ. ಮನೆಯಲ್ಲೇ ಮಾಡಿ ತೋರಿಸಿ ಎಂದೆ. ಒಮ್ಮೆ ತೋರಿಸಲು ಹೋದಾಗ ಶೂ ಕಂಡ ಕೂಡಲೇ ಓಡಿಬಂದು ಕುರ್ಚಿಯಲ್ಲಿ ಕೂರಿಸಿಬಿಟ್ಟನಂತೆ. ಹಿಂದಿನ ವರ್ಷ ಅವರ ಸೊಂಟದ ಕೀಲು ಬದಲಾಯಿಸಿದ್ದರು. ವೇದಿಕೆಯ ಮೇಲಾದರೆ ಓಡಿಬರಲು ಸಾಧ್ಯವಿಲ್ಲವಲ್ಲ ಎಂಬುದು ಅವರ ಲೆಕ್ಕ.

ಮಗ ಅಷ್ಟು ದಡ್ಡನಲ್ಲ. ಸಮುದಾಯ ಭವನಕ್ಕೆ ಫೋನು ಮಾಡಿ, ಅಮ್ಮ ಬಿದ್ದರೆ ಯಾರು ಜವಾಬ್ದಾರಿ ಎಂದು ಒಂದೇ ಪ್ರಶ್ನೆ ಕೇಳಿದ. ಕೋರ್ಟು ಕೇಸಿನ ವಾಸನೆ ಬಡಿದದ್ದೇ ತಡ, ಅಲ್ಲಿಯವರು ಹೌಹಾರಿದರು. ಅಜ್ಜಿ ವೇದಿಕೆ ಹತ್ತುವಂತಿಲ್ಲ, ಪಕ್ಕದ ಪರದೆಯ ಮರೆಯಲ್ಲಿ ಕುರ್ಚಿ ಹಾಕಿಕೊಂಡು ಬೇಕಾದರೆ ಕುಣಿಯುವವರ ಟೋಪಿ ಕಾಯಬಹುದು ಎಂದು ತೀರ್ಪಾಯಿತು. ಮಾರನೆಯ ದಿನ ಅಜ್ಜಿ ಒಂದು ಹಳೆಯ ಬಟ್ಟೆಚೀಲ ತಂದು ನನ್ನ ಮಡಿಲಲ್ಲಿ ಹಾಕಿದರು. ಒಳಗೆ ಆ ಕಾಲದ ಅವರ ಶೂ.

"ನನ್ನ ಬದಲು ನೀನು ಕುಣಿ," ಎಂದರು. "ಅವನು ಆ ಸದ್ದು ಕೇಳಲಿ, ಕಲಿಸಿದ್ದು ಯಾರು ಅಂತ ಆಮೇಲೆ ನಾನು ಹೇಳ್ತೀನಿ."

ಅವರು ತಮ್ಮ ಮನೆಯ ಅಡುಗೆಕೋಣೆಯ ಕುರ್ಚಿಯಲ್ಲಿ ಕೂತು, ಕೂತ ಕಡೆಯಿಂದಲೇ ಕಾಲು ಆಡಿಸಿ ಹೇಳಿಕೊಟ್ಟರು. ನಾನು ಎದುರು ನಿಂತು ಕಲಿತೆ. ಶೂ ನನಗೆ ಒಂದು ಅಳತೆ ದೊಡ್ಡದು, ಮುಂದೆ ಹತ್ತಿ ತುರುಕಿದರೂ ಚಪ್ಪಲಿಯ ಹಾಗೆ ಕಳಚಿಕೊಳ್ಳುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಭ್ಯಾಸಕ್ಕೆ ಜಾಗವೇ ಇರಲಿಲ್ಲ, ಕಾರ್ಪೆಟ್ಟು ಇಲ್ಲದ ನೆಲ ಎಂದರೆ ಅಡುಗೆಮನೆ ಒಂದೇ. ಅಲ್ಲಿಯೇ ದೇವರ ಗೂಡೂ ಇದ್ದದ್ದರಿಂದ ಶೂ ಹಾಕಿಕೊಂಡು ಒಳಗೆ ಹೋಗುವ ಮಾತೇ ಇರಲಿಲ್ಲ. ನಾನು ಬರಿಗಾಲಲ್ಲಿ ಟ್ಯಾಪ್ ಡ್ಯಾನ್ಸು ಅಭ್ಯಾಸ ಮಾಡಿದ ಮಹಾನುಭಾವಳು. ಗಂಡ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, "ಏನ್ ಜಿರಳೆ ಇದ್ಯಾ?" ಎಂದು ಕೇಳಿ ಮತ್ತೆ ಆಫೀಸಿಗೆ ಹೋದರು.

ಪ್ರದರ್ಶನ ಒಂದು ಶನಿವಾರ ಮಧ್ಯಾಹ್ನ, ಹೈಸ್ಕೂಲಿನ ಸಭಾಂಗಣದಲ್ಲಿ. ಮಗ ಮುಂದಿನ ಸಾಲಿನಲ್ಲಿ ಕ್ಯಾಮ್‌ಕಾರ್ಡರು ಸ್ಟ್ಯಾಂಡಿಗೆ ಹಚ್ಚಿ ಕೂತಿದ್ದ. ಅಮ್ಮ ಕುಣಿಯದೆ ಇರುವ ಪ್ರದರ್ಶನವನ್ನು ಚಿತ್ರಿಸಲು ಬಂದ ಒಬ್ಬನೇ ಮಗ. ನನ್ನ ಗಂಡನೂ ಬಂದಿದ್ದರು, ಪೇಜರು ಸಮೇತ. ನನ್ನ ಸರದಿ ಬರುವಾಗ ಅಜ್ಜಿ ಪರದೆಯ ಮರೆಯಲ್ಲಿ, ವೇದಿಕೆಯ ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮಡಿಲ ತುಂಬ ಯಾರ್‍ಯಾರದೋ ಟೋಪಿ. ನನ್ನ ಕೈ ಹಿಡಿದು ಅಮುಕಿದರು. ಅವರ ಮಾನವೆಲ್ಲ ನನ್ನ ಕಾಲಿಗೆ ಬಂದು ಕೂತಿದೆ ಎಂದು ನನಗೆ ಆಗ ಹೊಳೆಯಿತು.

ಸಂಗೀತ ಶುರುವಾಯಿತು, ಮೆಟ್ಟಿಲು ಹತ್ತಬೇಕು. ಇಲ್ಲಿ ನಾನು ಏನು ಮಾಡಿದೆ ಎಂಬುದನ್ನು ಅಮೆರಿಕದವರಿಗೆ ಇವತ್ತಿಗೂ ಅರ್ಥ ಮಾಡಿಸಲು ಆಗಿಲ್ಲ. ನಮ್ಮವರಿಗೆ ಹೇಳಬೇಕಾಗಿಯೇ ಇಲ್ಲ. ಬುದ್ಧಿ ಬಂದಾಗಿನಿಂದ ವೇದಿಕೆಯ ಮೆಟ್ಟಿಲು ಕಂಡರೆ ನನ್ನ ಕಾಲು ಏನು ಮಾಡುತ್ತದೋ ಅದನ್ನೇ ಮಾಡಿತು. ಮೆಟ್ಟಿಲ ಬುಡದಲ್ಲಿ ಶೂ ಕಳಚಿ, ಜೊತೆಯಾಗಿ ಪಕ್ಕಕ್ಕಿಟ್ಟು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ಹತ್ತಿ ನಡುಮಧ್ಯೆ ಹೋಗಿ ನಿಂತೆ. ಮೈಸೂರಿನ ನನ್ನ ಗುರುಗಳು ನೋಡಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದರು.

ಮೊದಲ ಹೆಜ್ಜೆ ಹಾಕಿದೆ. ಏನೂ ಇಲ್ಲ. ಎರಡನೆಯದು ಹಾಕಿದೆ, ಹಿಟ್ಟಿನ ಮೂಟೆ ಇಳಿಸಿದಂತೆ ಧಪ್ ಎಂದಿತು. ಆಗ ಕೆಳಗೆ ನೋಡಿಕೊಂಡೆ. ನನ್ನ ಕಾಲ್ಬೆರಳುಗಳು, ಅದರಲ್ಲಿ ಕಾಲುಂಗುರ. ಅಜ್ಜಿಯ ಮಗ ಆ ಒಂದು ಸದ್ದು ಕೇಳಲಿ ಎಂದು ಇಷ್ಟೆಲ್ಲ ಮಾಡಿ, ಸದ್ದನ್ನೇ ಮೆಟ್ಟಿಲ ಕೆಳಗೆ ಬಿಟ್ಟು ಬಂದಿದ್ದೆ. ಇಳಿದು ಹೋಗಲು ಮುಖವಿಲ್ಲದೆ ಮೂರನೆಯ ಹೆಜ್ಜೆ ಎತ್ತಿದೆ, ಅದು ಕೆಳಗೆ ಬಿದ್ದಾಗ ಟಕ್ಕೆಂದು ಸದ್ದು ಬಂತು.

ಕಣ್ಣು ಓರೆ ಮಾಡಿ ನೋಡಿದೆ. ಪರದೆಯ ಮರೆಯಲ್ಲಿ ಅಜ್ಜಿ ಕುರ್ಚಿಯ ಅಂಚಿಗೆ ಜರುಗಿ ಕೂತಿದ್ದರು. ಟೋಪಿಗಳೆಲ್ಲ ನೆಲದ ಮೇಲೆ ಬಿದ್ದಿದ್ದವು. ನಾನು ಕಳಚಿಟ್ಟ ಶೂ ಅವರ ಕಾಲಲ್ಲಿತ್ತು, ಕಣ್ಣು ನನ್ನ ಕಾಲಿನ ಮೇಲಿತ್ತು. ನಾನು ಎತ್ತಿದಾಗ ಎತ್ತಿದರು, ಇಳಿಸಿದಾಗ ಇಳಿಸಿದರು. ನಡುವೆ ವೇಗದ ತುಂಡು ಬರುವ ಕಡೆ ಗಾಬರಿಗೆ ನನಗೆ ಕಲಿತದ್ದೆಲ್ಲ ಮರೆತು, ಕಾಲು ತನ್ನಷ್ಟಕ್ಕೆ ತಾನೇ ತೈಯಾ ತೈ ಎಂದು ಭರತನಾಟ್ಯದ ಹಳೆಯ ಅಡವು ಹಾಕಿಬಿಟ್ಟಿತು. ಅದನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಸದ್ದು ಒಂದು ಕೂದಲೆಳೆಯೂ ಹಿಂದೆ ಬೀಳದೆ ಬಂತು. ನಾನು ತಪ್ಪಿ ಎಡವಿದ ಕಡೆ ಅದೂ ಎಡವಿತು. ಅಲ್ಲಿಯವರೆಗೆ ನಾನು ಅಜ್ಜಿಯನ್ನು ನಂಬಿದ್ದೆ, ಅಂದು ಕೇಳಿದೆ.

ಚಪ್ಪಾಳೆ ಬಿತ್ತು, ಜನ ಎದ್ದು ನಿಂತರು. ನಾನು ಪರದೆಯ ಕಡೆ ಕೈ ತೋರಿಸಿದೆ. ಅದನ್ನು ಭಾರತೀಯ ಮುದ್ರೆ ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದರು. ಒಬ್ಬ ಹೆಂಗಸು ಹತ್ತಿರ ಬಂದು, ಬರಿಗಾಲಿನ ಟ್ಯಾಪ್ ಡ್ಯಾನ್ಸು ನಿಮ್ಮ ದೇಶದಲ್ಲಿ ಎಷ್ಟು ಸಾವಿರ ವರ್ಷದಿಂದ ಇದೆ ಎಂದು ಕೇಳಿದಳು. ಸದ್ದು ನನ್ನದಲ್ಲ, ಒಳಗಿರುವ ಅಜ್ಜಿಯದು ಎಂದೆ. ಎದೆಯ ಮೇಲೆ ಕೈಯಿಟ್ಟುಕೊಂಡು ಎಂಥ ವಿನಯ, ನಮ್ಮೆಲ್ಲರ ಒಳಗೂ ಒಬ್ಬ ಅಜ್ಜಿ ಇದ್ದಾಳೆ ಎಂದಳು. ಗಂಡ ಮಾತ್ರ ಬುದ್ಧಿವಂತರು. "ವೈರ್‌ಲೆಸ್ಸಾ? ಸೆನ್ಸರ್ ಎಲ್ ಇಟ್ಟಿದ್ದೆ?" ಎಂದು ನನ್ನ ಪಾದ ಹಿಡಿದು ನೋಡಿದರು. ಮದುವೆಯಾದ ಮೇಲೆ ಅವರು ನನ್ನ ಕಾಲು ಹಿಡಿದದ್ದು ಅದೊಂದೇ ಸಲ.

ನಾನು ಅಜ್ಜಿಯ ಹತ್ತಿರ ಓಡುವಷ್ಟರಲ್ಲಿ ಮಗ ಅಲ್ಲಿ ಬಂದು ನಿಂತಿದ್ದ. ಅಷ್ಟು ಹೊತ್ತಿಗೆ ಅವರು ಮತ್ತೆ ತಮ್ಮ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಟೋಪಿ ಆರಿಸುತ್ತಿದ್ದರು. ಮಗ ಬಗ್ಗಿ ಕೆನ್ನೆಗೆ ಮುತ್ತು ಕೊಟ್ಟು, ನನ್ನ ಮಾತು ಕೇಳಿ ಸುಮ್ಮನೆ ಕೂತಿದ್ದಕ್ಕೆ ಥ್ಯಾಂಕ್ಸ್ ಅಮ್ಮ ಎಂದ. ನನಗೆ ರೇಗಿ ಹೋಯಿತು. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಬರಿಗಾಲಿಂದ ಲೋಹದ ಸದ್ದು ಬರುತ್ತದೆಯೇ, ನಿಮಗೆ ರಸಾಯನಶಾಸ್ತ್ರ ಬೇಡ, ಸಾಮಾನ್ಯ ಜ್ಞಾನವಾದರೂ ಬೇಡವೇ ಎಂದೆ. ಅವನು ಕ್ಯಾಸೆಟ್ಟಿನಲ್ಲಿ ಸದ್ದು ಹಾಕಿದ್ದಾರೆ ಎಂದುಕೊಂಡಿದ್ದ. ನನ್ನ ಭುಜ ತಟ್ಟಿ, "ನಮ್ಮಮ್ಮನ ಮೇಲೆ ನಿಮಗೆ ಎಷ್ಟು ಪ್ರೀತಿ," ಎಂದ. ಅದಕ್ಕಿಂತ ದೊಡ್ಡ ಬೈಗುಳವನ್ನು ನಾನು ಆ ದೇಶದಲ್ಲಿ ಕೇಳಿಲ್ಲ. ಅಜ್ಜಿ ಟೋಪಿಯ ಧೂಳು ಕೊಡವುತ್ತ ಕೂತಿದ್ದರು. ನನ್ನಿಂದಾಗಿ ಇನ್ನೊಮ್ಮೆ ಅವರ ಸದ್ದು ಬೇರೆಯವರ ಕಾಲಿಗೆ ಹೋಗಿಬಿಟ್ಟಿತು ಎಂದು ನನಗೆ ಅಳು ಬಂತು.

ಮುಂದಿನ ಶನಿವಾರ ಬೆಳಿಗ್ಗೆ ಅಜ್ಜಿ ಫೋನು ಮಾಡಿದರು. ಮಗ ಪ್ರದರ್ಶನದ ಟೇಪು ತರುತ್ತಾನೆ, ಅದನ್ನು ನೋಡಿಕೊಂಡು ಆ ಬೀಗದ ಬಾಗಿಲಿನ ಜಾಗಕ್ಕೆ ತನ್ನನ್ನು ಕರೆದುಕೊಂಡು ಹೋಗಿ ರೂಮು ತೋರಿಸುತ್ತಾನೆ, ನೀನು ಬಾ ಎಂದರು. ಅಳುವಿನ ದನಿ ಇರಲಿಲ್ಲ, ಅಪ್ಪಣೆಯ ದನಿ ಇತ್ತು. ರೈಲು ಹಿಡಿದು ಒಂದು ಸ್ಟೇಷನ್ನು ಆಚೆ ಇಳಿದು ನಡೆದು ಹೋದೆ. ಮಗ ಆಗಲೇ ಬಂದಿದ್ದ, ಕಾರಿನ ಕೀಲಿಕೈ ಬೆರಳಲ್ಲಿ ತಿರುಗಿಸುತ್ತ ನಿಂತೇ ಇದ್ದ. ಅಜ್ಜಿ ಟಿವಿಯ ಎದುರು ಮರದ ಕುರ್ಚಿಯಲ್ಲಿ, ಮೊಣಕಾಲ ಮೇಲೆ ಕಂಬಳಿ ಹೊದ್ದು, ಹೇಳಿದ ಹಾಗೆ ಕೇಳುವ ರೋಗಿಯಂತೆ ಕೂತಿದ್ದರು. ಕಂಬಳಿ ನೆಲದವರೆಗೂ ಇಳಿಬಿದ್ದಿತ್ತು.

ಟೇಪು ಹಾಕಿದ. ಬೇರೆಯವರ ಕುಣಿತವನ್ನೆಲ್ಲ ಓಡಿಸಿ ನನ್ನ ಸರದಿಗೆ ತಂದು ನಿಲ್ಲಿಸಿದ. ನೋಡಮ್ಮ, ನಿನ್ನ ಸ್ನೇಹಿತೆ ಎಷ್ಟು ಚೆನ್ನಾಗಿ ಮಾಡಿದ್ದಾಳೆ ಎಂದ. ತೆರೆಯ ಮೇಲೆ ನಾನು ಬಂದು ನಿಂತೆ. ಮೊದಲ ಹೆಜ್ಜೆಗೆ ಸದ್ದಿಲ್ಲ, ಎರಡನೆಯದಕ್ಕೆ ಧಪ್. ಮೂರನೆಯದಕ್ಕೆ ಟಿವಿಯಲ್ಲೂ ಟಕ್ಕೆಂದಿತು, ಕೋಣೆಯಲ್ಲೂ ಟಕ್ಕೆಂದಿತು.

ಅವನು ಸ್ಪೀಕರಿನಲ್ಲಿ ಏನೋ ದೋಷ ಎಂದುಕೊಂಡ. ರಿಮೋಟು ಎತ್ತಿ ಸದ್ದು ಹೆಚ್ಚಿಸಿದ, ಕಡಿಮೆ ಮಾಡಿದ. ತೆರೆಯ ಮೇಲೆ ನನ್ನ ಕಾಲು ಗಾಬರಿಯಲ್ಲಿ ಹಳೆಯ ಅಡವಿಗೆ ತಿರುಗುವ ಹೊತ್ತಿಗೆ ಅವನು ಬೇಸತ್ತು ಟಿವಿಯ ಸದ್ದನ್ನು ಪೂರ್ತಿ ಅಡಗಿಸಿದ. ನನ್ನ ಬರಿಗಾಲು ಕುಣಿಯುತ್ತಲೇ ಇತ್ತು. ಸದ್ದೂ ನಿಲ್ಲಲಿಲ್ಲ.

ಅವನು ತಿರುಗಿದ. ಅಜ್ಜಿ ಮಗನ ಕಡೆ ನೋಡಲಿಲ್ಲ, ಕಂಬಳಿ ಜಾರಿ ಬಿದ್ದದ್ದೂ ಅವರಿಗೆ ಗೊತ್ತಿರಲಿಲ್ಲ. ಕಾಲಲ್ಲಿ ಆ ಹಳೆಯ ಶೂ ಇತ್ತು, ಕಣ್ಣೆಲ್ಲ ಟಿವಿಯ ಮೇಲಿತ್ತು. ನಾನು ಎಡವಿದ ಕಡೆ ಎಡವಿದರು, ಸುಧಾರಿಸಿಕೊಂಡ ಕಡೆ ಸುಧಾರಿಸಿಕೊಂಡರು, ತೆರೆಯ ಮೇಲೆ ನಾನು ಕುಣಿತ ನಿಲ್ಲಿಸಿದಾಗ ನಿಲ್ಲಿಸಿದರು. ಜನ ಎದ್ದು ಚಪ್ಪಾಳೆ ತಟ್ಟುವುದು ಸದ್ದಿಲ್ಲದೆ ಕಾಣುತ್ತಿತ್ತು. ಅಜ್ಜಿ ಸ್ವಲ್ಪ ಏದುತ್ತಿದ್ದರು. ಹೋಗೋಣವೇ, ಹೊತ್ತಾಯಿತಲ್ಲ ಎಂದು ಕೇಳಿದರು.

ಅವನು ಅಮ್ಮನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಟೇಪನ್ನು ಹಿಂದಕ್ಕೆ ತಿರುಗಿಸಿ, ನಾನು ವೇದಿಕೆಗೆ ಬರುವಲ್ಲಿಂದ ಮತ್ತೆ ಹಾಕಿದ. ಟಿವಿಯ ಸದ್ದು ಮಾತ್ರ ಹಾಕಲಿಲ್ಲ.